ವೈರಂಗಾ ದಂಡೆಯ ಹೊಗೆ

"ಏ ಮುದುಕಿ, ಬಾಯಿಗೇನು ಬೀಗ ಬಿದ್ದೈತಾ? ನಿಮ್ಮಪ್ಪ ಯಾರು, ಅವನಪ್ಪ ಯಾರು, ಬೊಗಳು ಅಂದ್ರೆ ಮರದ ಬೊಂಬೆ ಹಂಗೆ ನಿಂತವ್ಳೆ!"

ದುಭಾಷಿ ಟೌಲರ್ ಹೀಗೆ ಕೂಗಿದಾಗ ಊಟದ ಕೋಣೆಯಲ್ಲಿ ಕೂತಿದ್ದ ಬಿಳಿಯರು ನಕ್ಕರು. ಹಿನೆರೌ ಅಜ್ಜಿ ಬಾಯಿ ತೆರೆಯಲಿಲ್ಲ. ಗಲ್ಲದ ಮೇಲಿನ ನೀಲಿ ಹಚ್ಚೆ ಸ್ವಲ್ಪ ಬಿಗಿಯಾಯಿತು, ಅಷ್ಟೆ. ಅವಳ ಕಣ್ಣು ಮೇಜಿನ ಮೇಲಿತ್ತು. ಅರ್ಧ ಕಚ್ಚಿಟ್ಟ ರೊಟ್ಟಿ, ಕುರಿಮಾಂಸದ ಜಿಡ್ಡು ಹೆಪ್ಪುಗಟ್ಟಿದ ತಟ್ಟೆ, ಮೂಳೆ. ಕಚೇರಿಯ ಮಾಡು ಸೋರುತ್ತದೆಂದು ಚಳಿಗಾಲ ಶುರುವಾದಾಗಿನಿಂದ ಜಮೀನಿನ ಕೋರ್ಟು ಹಾರ್ಕನ್ ಸಾಹೇಬನ ಹೋಟೆಲಿನ ಊಟದ ಕೋಣೆಯಲ್ಲೇ ನಡೆಯುತ್ತಿತ್ತು. ಬೆಳಗಿನ ತಿಂಡಿಯ ಪಾತ್ರೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ತುದಿಯಲ್ಲಿ ಜಡ್ಜ್ ಸಾಹೇಬ ಕೂತಿದ್ದ.

ಅಜ್ಜಿಯ ಹಿಂದೆ, ಮಗು ರಾವಿರಿಯನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ ಮೊಮ್ಮಗಳು ಪಿರಿಹಿರಾಳಿಗೆ ಅಜ್ಜಿಯ ಮೌನ ಅರ್ಥವಾಗಿತ್ತು. ಹಿರೀಕರ ಆ ಹೆಸರುಗಳನ್ನು ಅಜ್ಜಿ ಅವಳಿಗೆ ಕಲಿಸಿದ್ದು ಹೊಳೆಯ ದಂಡೆಯಲ್ಲಿ, ಬರಿಹೊಟ್ಟೆಯಲ್ಲಿ, ಬಾಯಿ ಮುಕ್ಕಳಿಸಿದ ಮೇಲೆ. ಬೇಯಿಸಿದ ಒಂದು ಗೆಣಸು ಕೂಡ ಹತ್ತಿರ ಇರುವಂತಿರಲಿಲ್ಲ. ಮೊದಲ ದೋಣಿಯಲ್ಲಿ ಬಂದವನಿಂದ ಹಿಡಿದು ಮನೆಯ ಕೊನೆಯ ಕೂಸಿನವರೆಗೆ ಹೆಸರಿನ ಸಾಲು. ಒಮ್ಮೆ ಹಿಡಿದರೆ ನಡುವೆ ಕಡಿಯಬಾರದು. ಕಡಿದರೆ ಮನೆಯ ಜೀವವೊಂದು ಕಡಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ಸಾಲನ್ನು ಬಲ್ಲ ಗಂಡಸರೆಲ್ಲ ಸರಕಾರದ ಗುಂಡಿಗೆ ಸತ್ತು, ಕೊನೆಗೆ ಅದು ಉಳಿದದ್ದು ಈ ಇಬ್ಬರು ಹೆಂಗಸರ ನಾಲಿಗೆಯ ಮೇಲೆ.

"ಆ ತಟ್ಟೆ ತೆಗ್ಸು," ಎಂದಳು ಅಜ್ಜಿ.

"ಏನಂದೆ?"

"ಎಂಜಲು ತಟ್ಟೆ ತೆಗ್ಸಪ್ಪಾ. ಇಲ್ಲಾಂದ್ರೆ ನಿಮ್ಮ ದೊರೇನ ಬಯಲಿಗೆ ಕರ್ಕೊಂಡು ಬಾ, ಅಲ್ಲಿ ಹೇಳ್ತೀನಿ. ಉಣ್ಣೋ ಮೇಜಿನ ಮ್ಯಾಲೆ ನಮ್ಮ ಹಿರೀಕರನ್ನ ಸುರಿಯಾಕಾಗಕಿಲ್ಲ."

ಟೌಲರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಜಡ್ಜ್ ಕಿಟಕಿಯಾಚೆಯ ಮಳೆಯನ್ನೊಮ್ಮೆ ನೋಡಿ, ಬಾಯಿ ಒರೆಸಿಕೊಂಡ. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹಾರ್ಕನ್ ಮಾತ್ರ ಹೊಟ್ಟೆ ಕುಲುಕಿಸಿ ನಕ್ಕ. ಅವನಿಗೆ ಇವರ ಭಾಷೆ ಬರುತ್ತಿತ್ತು.

"ನನ್ನ ತಟ್ಟೆ ಮೈಲಿಗೇನಾ? ನಿಮ್ಮ ತಾತಂದಿರು ಮನುಷ್ಯರನ್ನೇ ಬೇಯಿಸ್ಕೊಂಡು ತಿಂದವ್ರಲ್ವೇನೇ ಮುದುಕಿ? ಅವಾಗ ಆಗದ ಮೈಲಿಗೆ ಈಗಾಯ್ತಾ?"

ಅವನ ಪಕ್ಕದಲ್ಲಿದ್ದ ಪೇನೆ ಬಿಳಿಯರಿಗಿಂತ ಜೋರಾಗಿ ನಕ್ಕ. ಪೇನೆ ಅಜ್ಜಿಗೆ ದೂರದ ಸಂಬಂಧದ ಮೊಮ್ಮಗ. ಅಜ್ಜಿಯ ಮನೆತನ ಬಾಳಿದ ವೈರಂಗಾ ಹೊಳೆದಂಡೆ ತನ್ನದೆಂದು ಅರ್ಜಿ ಹಾಕಿದವನೂ ಅವನೇ. ಅವನ ಕೈಗೆ ಬಂದ ಮರುದಿನವೇ ಅದು ಹಾರ್ಕನ್ನನ ಕುರಿಗಳ ಪಾಲಾಗುತ್ತದೆಂದು ಊರಿಗೆಲ್ಲ ಗೊತ್ತಿತ್ತು.

"ಮಧ್ಯಾಹ್ನ ಮತ್ತೆ ಕರೀತಾರಂತೆ," ಎಂದ ಟೌಲರ್. "ಅವಾಗಲೂ ಬಾಯಿ ಬಿಡದಿದ್ರೆ ಆ ನೆಲಕ್ಕೆ ನೀವು ಯಾರೂ ಅಲ್ಲ ಅಂತ ಬರೀತಾರಂತೆ. ಹೋಗ್ರಿ ಆಚೆ, ಕಂಬಳಿ ನಾತ ಹೊಡೀತೈತೆ."

ಊರ ಹಿಂದಿನ ಜೌಗು ನೆಲದಲ್ಲಿ ಕೋರ್ಟಿಗೆ ಬಂದವರ ಗುಡಾರಗಳಿದ್ದವು. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ಇಡೀ ಚಳಿಗಾಲ ಅಲ್ಲೇ ಕಳೆದಿತ್ತು. ಹೆಸರು ಕೂಗಿದಾಗ ಇಲ್ಲದಿದ್ದರೆ ನೆಲ ಹೋಯಿತು. ಹಾಗಾಗಿ ಯಾರೂ ಮನೆಗೆ ಮರಳಿರಲಿಲ್ಲ. ಅಗೆಯುವವರಿಲ್ಲದೆ ವೈರಂಗಾದ ಗೆಣಸು ನೆಲದಲ್ಲೇ ಕೊಳೆಯಿತು. ಹಾವುಮೀನು ಹಿಡಿಯುವ ತಡಿಕೆಗಳನ್ನು ನೆರೆ ಒಯ್ದಿತು. ಆಮೇಲೆ ಮಕ್ಕಳಿಗೆ ಕೆಮ್ಮು ಹಿಡಿಯಿತು. ಗುಡಾರಗಳ ಹಿಂದೆ ಹಸಿಮಣ್ಣಿನ ಪುಟ್ಟ ಗುಪ್ಪೆಗಳು ಒಂದೊಂದಾಗಿ ಹೆಚ್ಚುತ್ತಿದ್ದವು. ಪಿರಿಹಿರಾ ನೀರಿಗೆ ಹೋಗುವಾಗ ಆ ಕಡೆ ನೋಡದೆ ಸುತ್ತುಹಾದಿ ಹಿಡಿಯುತ್ತಿದ್ದಳು.

ಅವಳು ರಾವಿರಿಯನ್ನು ಮಡಿಲಿಗೆ ಹಾಕಿಕೊಂಡು ಮೊಲೆ ಕೊಟ್ಟಳು. ಅವನು ಬಾಯಿ ಹಚ್ಚಿದ, ಚೀಪಲಿಲ್ಲ. ಹೋದ ತಿಂಗಳು ಹಾಲು ಕುಡಿಯುವಾಗ ಅವಳ ಕಿವಿಯ ಹಸಿರು ಕಲ್ಲನ್ನು ಹಿಡಿದು ಜಗ್ಗುತ್ತಿದ್ದ. ಈಗ ಆ ಕೈ ಅವಳ ಎದೆಯ ಮೇಲೆ ಬಿದ್ದ ಎಲೆಯಂತೆ ಸುಮ್ಮನಿತ್ತು.

"ಅಜ್ಜೀ, ಇವನ ಮೈ ಕಾದ ಕಲ್ಲಾಗೈತೆ."

"ತತ್ತಾ ಇಲ್ಲಿ." ಅಜ್ಜಿ ತನ್ನ ಮೂಗನ್ನೂ ಹಣೆಯನ್ನೂ ಮಗುವಿನ ಮೂಗಿಗೆ, ಹಣೆಗೆ ಒತ್ತಿ ಉಸಿರು ನೋಡಿದಳು.

"ನಾನು ಹೇಳ್ತೀನಿ ಅಜ್ಜಿ, ಸಾಲು."

"ಆ ಮೇಜಿನ ಮುಂದಾ?"

"ಮತ್ತೆಲ್ಲಿ? ಅವರು ಬಯಲಿಗೆ ಬರ್ತಾರಾ?"

"ಬ್ಯಾಡ ಕೂಸೇ. ಹಿರೀಕರ ಹೆಸರು ಎಂಜಲಾಯ್ತದೆ."

"ಹೆಸರು ಕಾಪಾಡ್ಕೊಂಡು ದಂಡೆ ಕಳ್ಕೊಂಡ್ರೆ ಇವ್ನು ಎಲ್ಲಿ ನಿಂತ್ಕೊಂಡು ಆ ಹೆಸರು ಹೇಳ್ತಾನೆ ಅಜ್ಜಿ? ಹಾರ್ಕನ್ನನ ಕೊಟ್ಟಿಗೇಲಾ? ಇವ್ನ ಅಪ್ಪ ಸರಕಾರದ ರಸ್ತೆ ಕಡಿಯಾಕೋಗಿ ಬಂಡೆ ಕೆಳಗೆ ಹೋದ. ಇವನಿಗಿಂತ ಮೊದ್ಲು ಹೋದ ಎರಡು ಕೂಸಿನ ಹೊಕ್ಕುಳಬಳ್ಳಿ ಆ ದಂಡೆ ಬಂಡೇಲವೆ. ಇವಂದೂ ಅಲ್ಲೇ ಐತೆ. ಇನ್ನೇನು ಕೊಡ್ಲಿ ನಾನು?"

ಅಜ್ಜಿ ಮಗುವನ್ನು ತನ್ನ ಹೊದಿಕೆಯೊಳಗೆ ಎಳೆದುಕೊಂಡಳು.

"ಏನೂ ತಿನ್ನಬ್ಯಾಡ. ಬಾಯಿ ತೊಳ್ಕೊ. ಇವನ್ನ ನಾನು ಹಿಡ್ಕೊಂಡು ಹೊರಗಿರ್ತೀನಿ, ಆ ನಾತ ಇವನ ಮ್ಯಾಲೆ ಬೀಳದು ಬ್ಯಾಡ. ಹಿಡಿದ ಮ್ಯಾಲೆ ನಡುವೆ ಬಿಡಬ್ಯಾಡ ಮತ್ತೆ. ಏನೇ ಆಗ್ಲಿ."

ಮಧ್ಯಾಹ್ನ ಮೇಜಿನ ಮೇಲೆ ಸಾರಿನ ಬಟ್ಟಲಿನಿಂದ ಹಬೆ ಏಳುತ್ತಿತ್ತು. ಪಿರಿಹಿರಾ ಕಣ್ಣು ಮುಚ್ಚಿ ಶುರು ಮಾಡಿದಳು. ಮೊದಲ ದೋಣಿ, ಅದರ ಚುಕ್ಕಾಣಿ ಹಿಡಿದವನು, ಅವನ ಮಗಳು ತೈಪಾ.

"ಹೊಳೆ ತುಂಬಿ ಬಂದಾಗ ತೈಪಾ ಕೆಂಡವ ಸೋರೆಬುರುಡೇಲಿ ಇಟ್ಕೊಂಡು, ತಲೆ ಮ್ಯಾಲೆ ಹೊತ್ಕೊಂಡು ಈಜಿ..."

"ಕಥೆ ಬ್ಯಾಡವಂತೆ," ಟೌಲರ್ ತಡೆದ. "ದೊರೆಗಳಿಗೆ ಹೊತ್ತಿಲ್ಲ. ಹೆಸರು ಸಾಕು."

ಹೆಸರು ಮಾತ್ರ ಹೇಳಿದಳು. ಮೈ ಸುಲಿದ ಹಕ್ಕಿಗಳ ಹಾಗೆ ಅವು ಒಂದೊಂದಾಗಿ ಸಾರಿನ ಹಬೆಯೊಳಗೆ ಬಿದ್ದವು. ನಡುವೆ ಒಮ್ಮೆ ಕಣ್ಣು ತೆರೆದಾಗ ಕಿಟಕಿಯಾಚೆ ಅಜ್ಜಿ ನಿಂತಿರುವುದು ಕಂಡಿತು. ಮಳೆಯಲ್ಲಿ ತೊಯ್ಯುತ್ತ, ಮಗುವನ್ನು ಎದೆಗೊತ್ತಿಕೊಂಡು, ಪಿರಿಹಿರಾಳ ತುಟಿ ನೋಡುತ್ತ ಅಜ್ಜಿಯೂ ತುಟಿ ಆಡಿಸುತ್ತಿದ್ದಳು. ಹೊದಿಕೆಯಿಂದ ರಾವಿರಿಯ ಕೈ ಹೊರಗೆ ಜೋತಿತ್ತು. ಒಳಗೆ ಹಾಕಬಾರದೇ ಅಜ್ಜಿ, ಚಳಿ, ಎಂದು ಪಿರಿಹಿರಾಳ ಮನಸ್ಸು ಕೂಗಿತು. ನಾಲಿಗೆ ಮಾತ್ರ ಸಾಲನ್ನು ಬಿಡಲಿಲ್ಲ.

"...ಹಿನೆರೌ ಮಗ ತಮಾಕಿ. ತಮಾಕಿ ಮಗಳು ನಾನು, ಪಿರಿಹಿರಾ. ನನ್ನ ಮಗ ರಾವಿರಿ."

"ಆ ಮಗು ಬದುಕೈತಾ ಅಂತ ಕೇಳ್ತಾವ್ರೆ."

"ಹೊರಗವ್ನೆ. ಅಜ್ಜಿ ಕೈಲಿ."

ಜಡ್ಜ್ ಏನೋ ಬರೆದುಕೊಂಡು ಪೇನೆಯ ಕಡೆ ತಿರುಗಿದ. ಪೇನೆ ಟೋಪಿ ತೆಗೆದು ಎದ್ದು ನಿಂತ.

"ಹೆಸರೆಲ್ಲ ಇರ್ಲಿ ದೊರೆ. ಆದ್ರೆ ಆ ಹಿನೆರೌ ಹುಡುಗಿಯಾಗಿದ್ದಾಗ ಬಡಗಲ ಕುಲದೋರು ಹಿಡ್ಕೊಂಡು ಹೋಗಿ, ಅವರ ಸೌದೆ ಹೊತ್ತು ಬದುಕ್ದೋಳು. ಸೆರೆಯಾಳು. ಸೆರೆಯಾಳಿಗೆ ನೆಲ ಎಲ್ಲೀದು?"

"ನಾಯಿ ನನ್ಮಗನೇ!" ಪಿರಿಹಿರಾ ಚೀರಿದಳು. "ಬೆಟ್ಟ ಹತ್ತಿಳಿದು, ಕಾಲಲ್ಲಿ ರಕ್ತ ಸುರಿಸ್ಕೊಂಡು ವಾಪಸ್ ಬಂದೋಳು ಕಣೋ ಅವ್ಳು. ನಿಮ್ಮವ್ವ ಹಾಲಿಲ್ದೆ ಕೂತಾಗ ನಿನ್ನ ತನ್ನ ಮೊಲೇಲಿ ಸಾಕಿದೋಳು!"

ಪೇನೆ ನೆಲ ನೋಡಿದ. ಹಾರ್ಕನ್ ಮುಂದೆ ಬಂದು ಜಡ್ಜ್ ಜೊತೆ ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡಿದ. ಟೌಲರ್ ಅದನ್ನು ಇವಳಿಗೆ ಒಪ್ಪಿಸಿದ. "ಈ ಚಳಿಗಾಲವೆಲ್ಲ ವೈರಂಗಾ ದಂಡೇಲಿ ಒಂದು ಎಳೆ ಹೊಗೆ ಎದ್ದಿಲ್ಲ ಅಂತ ಹಾರ್ಕನ್ ಸಾಹೇಬರು ಕಣ್ಣಾರೆ ಕಂಡವ್ರೆ. ಒಲೆ ಆರಿದ ನೆಲದ ಮ್ಯಾಲೆ ಹಕ್ಕೂ ಆರ್ತದೆ ಅನ್ನೋದು ನಿಮ್ಮದೇ ಪದ್ಧತಿ ಅಲ್ವಾ?"

"ಚಳಿಗಾಲವೆಲ್ಲ ನಿಮ್ಮ ಬಾಗಿಲಲ್ಲೇ ಕೂರಿಸಿದ್ರಲ್ಲಪ್ಪಾ! ಎದ್ದು ಹೋದ್ರೆ ನೆಲ ಹೋಯ್ತದೆ ಅಂದ್ರಲ್ಲ! ಅಲ್ಲಿ ಒಲೆ ಹಚ್ಚಾಕೆ ಯಾರಿದ್ರು?"

ಈ ಮಾತನ್ನು ಟೌಲರ್ ಇಂಗ್ಲಿಷಿಗೆ ತಿರುಗಿಸಲಿಲ್ಲ. ಉಗುರು ನೋಡಿಕೊಳ್ಳುತ್ತ ನಿಂತ. ವೈರಂಗಾ ದಂಡೆ ಪೇನೆಯದೆಂದು ಜಡ್ಜ್ ಓದಿ ಹೇಳಿ, ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

ಪಿರಿಹಿರಾ ಹೊರಗೆ ಬಂದಾಗ ಅಜ್ಜಿ ಕಿಟಕಿಯ ಕೆಳಗೆ, ಅದೇ ಜಾಗದಲ್ಲಿ ನಿಂತಿದ್ದಳು.

"ಹೋಯ್ತಜ್ಜಿ. ಎಲ್ಲ ಹೋಯ್ತು. ಅವರ ಎಂಜಲಿನ ಮುಂದೆ ಎಲ್ಲರನ್ನೂ ತಂದು ನಿಲ್ಲಿಸಿದೆ, ಆದ್ರೂ ಹೋಯ್ತು. ಕೊಡು ಅವನ್ನ, ಹಾಲು ಕಟ್ಟಿ ಎದೆ ಸಿಡೀತೈತೆ."

ಅಜ್ಜಿ ಮಗುವನ್ನು ಕೊಡಲಿಲ್ಲ.

"ಕೊಡಜ್ಜಿ."

"ನೀನು ತೈಪಾ ಹೆಸರು ಹೇಳ್ತಿದ್ದೆ," ಎಂದಳು ಅಜ್ಜಿ. "ಒಂದ್ಸಲ ನಿಟ್ಟುಸಿರು ಬಿಟ್ಟ. ಅಷ್ಟೇಯ. ಅಳಲಿಲ್ಲ ಕೂಸೇ, ಏನೂ ನೋವು ಪಡಲಿಲ್ಲ. ಹಿಡಿದ ಸಾಲು ಕಡೀಬಾರ್ದು ಅಂತ ನಿನ್ನ ಕೂಗಲಿಲ್ಲ. ನಾನೂ ನಿನ್ನ ಜೊತೆ ಹೇಳ್ತಾ ನಿಂತೆ."

ಪಿರಿಹಿರಾ ಆ ಪುಟ್ಟ ಕೈಯನ್ನು ಹಿಡಿದುಕೊಂಡಳು. ಮಳೆನೀರು ಅದರ ಬೆರಳಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ತನ್ನ ಕಂಬಳಿಯ ಅಂಚಿನಲ್ಲಿ ಒರೆಸಿದಳು. ಒಂದೊಂದೇ ಬೆರಳು ಬಿಡಿಸಿ ಒರೆಸಿ, ಮಡಚಿ, ಹೊದಿಕೆಯೊಳಗೆ ಇಟ್ಟಳು. ಆಮೇಲೆ ಅವಳ ಗಂಟಲಿನಿಂದ ಹೊರಟ ಕೂಗಿಗೆ ಊಟದ ಕೋಣೆಯಲ್ಲಿ ಚಮಚಗಳ ಸದ್ದು ಒಂದು ಕ್ಷಣ ನಿಂತಿತು. ಯಾರೋ ಎದ್ದು ಬಂದು ಕಿಟಕಿ ಮುಚ್ಚಿದರು.

ಗುಡಾರಗಳ ಹಿಂದಿನ ಜೌಗಿನಲ್ಲಿ ಅವನನ್ನು ಇಡಲು ಪಿರಿಹಿರಾ ಒಪ್ಪಲಿಲ್ಲ. ಬೆಳಕು ಹರಿಯುತ್ತಲೇ ಇಬ್ಬರು ಹೆಂಗಸರೂ ದೋಣಿ ಹತ್ತಿ, ಸರದಿಯ ಮೇಲೆ ಹುಟ್ಟು ಹಾಕುತ್ತ ವೈರಂಗಾ ಸೇರಿದರು. ರಾವಿರಿ ಚಾಪೆಯೊಳಗೆ ಸುತ್ತಿಕೊಂಡು, ತಾಯಿಯ ಕಾಲುಗಳ ನಡುವೆ ಮಲಗಿದ್ದ. ದಾರಿಯುದ್ದಕ್ಕೂ ಅವಳ ಹಾಲು ಜಿನುಗಿ ಅವನ ಚಾಪೆ ತೊಯ್ಯುತ್ತಿತ್ತು.

ದಂಡೆಯ ಮೇಲೆ ಮೋಜಣಿಯವರು ಆಗಲೇ ಗೂಟ ಹೊಡೆದಿದ್ದರು. ತೀರ್ಪಿಗೆ ಬಹಳ ಮೊದಲೇ ಹೊಡೆದದ್ದಿರಬೇಕು, ತಲೆಗೆ ಬಳಿದ ಕೆಂಪು ಬಣ್ಣ ಮಳೆಗೆ ಮಾಸಿತ್ತು. ಮನೆತನದ ಹೊಕ್ಕುಳಬಳ್ಳಿಗಳನ್ನೆಲ್ಲ ಬಿರುಕಿನಲ್ಲಿ ಅಡಗಿಸಿಕೊಂಡ ಬಂಡೆಯ ಬುಡದಲ್ಲೇ ಒಂದು ನಿಂತಿತ್ತು. ಪಿರಿಹಿರಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕಿತ್ತಳು. ಕಿತ್ತ ಕುಳಿಯನ್ನೇ ಆ ಗೂಟದ ಮೊನೆಯಿಂದ ಅಗೆದು ಅಗಲ ಮಾಡಿದಳು. ಅಜ್ಜಿ ಕೈಯಿಂದ ಮಣ್ಣು ಎತ್ತಿ ಹಾಕಿದಳು. ಮಗುವನ್ನು ಇಟ್ಟರು. ಪಿರಿಹಿರಾ ತನ್ನ ಕಿವಿಯ ಹಸಿರು ಕಲ್ಲನ್ನು ಬಿಚ್ಚಿ ಅವನ ಮುಷ್ಟಿಯಲ್ಲಿ ಇಟ್ಟಳು.

ಮಣ್ಣು ಮುಚ್ಚಿದ ಮೇಲೆ ಅವಳು ದಂಡೆಯುದ್ದಕ್ಕೂ ನಡೆದು ಸಿಕ್ಕ ಗೂಟವನ್ನೆಲ್ಲ ಕಿತ್ತು ತಂದಳು. ಹಳೆಯ ಒಲೆಯ ಕಲ್ಲುಗಳ ನಡುವೆ ಪೇರಿಸಿದಳು. ಅಜ್ಜಿ ಒಣನಾರು ಹೊಸೆದು ಕಿಚ್ಚು ಹಚ್ಚಿದಳು.

"ಏನು ಬೇಯಿಸೋದೈತೆ ಕೂಸೇ?"

"ಏನೂ ಇಲ್ಲ ಅಜ್ಜಿ. ಇದು ಉರೀಲಿ."

ಹಸಿ ಮರ ಸಿಡಿಯಿತು. ಹೊಗೆ ದಪ್ಪವಾಗಿ ಎದ್ದು ಗುಡ್ಡದ ಮೇಲಕ್ಕೆ ಹತ್ತಿತು. ಪಿರಿಹಿರಾ ಹೊಳೆಯಲ್ಲಿ ಬಾಯಿ ಮುಕ್ಕಳಿಸಿ ಬಂದು, ಹೊಸಮಣ್ಣಿನ ಪಕ್ಕ ಕೂತು, ಮೊದಲಿನಿಂದ ಶುರು ಮಾಡಿದಳು. ಈ ಸಲ ಕಥೆಗಳನ್ನು ಬಿಡಲಿಲ್ಲ. ತೈಪಾ ಕೆಂಡ ಹೊತ್ತು ಈಜಿದ್ದು, ದಡ ಮುಟ್ಟಿದಾಗ ಅವಳ ಕೂದಲು ಸೀದು ಹೋಗಿದ್ದು, ಅದನ್ನು ನೋಡಿ ಅವಳ ಗಂಡ ನಕ್ಕಿದ್ದು, ಅವಳು ಅವನನ್ನು ಹೊಳೆಗೆ ತಳ್ಳಿದ್ದು.

ಹೊಗೆ ನೋಡಿ ಹಾರ್ಕನ್ನನ ಆಳುಗಳು ಕುದುರೆ ಓಡಿಸಿಕೊಂಡು ಬಂದರು.

"ಏಯ್! ಯಾವಳೇ ಗೂಟ ಕಿತ್ತಿದ್ದು? ಏಳೇ ಮುಂಡೆ! ಎದ್ದೇಳು ಅಂದೆ!"

ಚಾಟಿ ಗಾಳಿಯನ್ನು ಸೀಳಿತು. ಪಿರಿಹಿರಾ ತಿರುಗಿ ನೋಡಲಿಲ್ಲ. ಒಂದು ಕೈ ಹೊಸಮಣ್ಣಿನ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಮತ್ತೊಂದು ಕೆಂಪು ತಲೆಯ ಗೂಟವನ್ನು ಒಲೆಗೆ ನೂಕಿದಳು. ಅಜ್ಜಿ ಎದ್ದು ಹೋಗಿ ಕುದುರೆಗೂ ಮೊಮ್ಮಗಳಿಗೂ ನಡುವೆ ನಿಂತಳು.

ಪಿರಿಹಿರಾ ಹೇಳುತ್ತಲೇ ಇದ್ದಳು. ಒಂದೊಂದು ಹೆಸರಿಗೂ ನೆನಪಿದ್ದದ್ದನ್ನೆಲ್ಲ ಹೇಳಿದಳು, ಅವರು ಏನು ನೆಟ್ಟರು, ಯಾರ ಜೊತೆ ಜಗಳವಾಡಿದರು, ಯಾವ ಹಾಡಿಗೆ ಅತ್ತರು. ಅವಸರ ಮಾಡಲಿಲ್ಲ. ಸಾಲಿನ ಕೊನೆಯಲ್ಲಿ ಆ ಒಂದು ಹೆಸರಿತ್ತು. ಅದು ಬರುವುದನ್ನು ಅವಳು ಆದಷ್ಟು ದೂರ ಇಡುತ್ತಿದ್ದಳು.