ನೋಡಿದ್ದಕ್ಕೆ ಕೂಲಿ

“ಮಗೂಗೇನೂ ಆಗಿಲ್ಲ. ಆಗಿರೋದು ನಿನಗೆ,” ಎಂದರು ಡಾಕ್ಟರು. “ಅದರ ಕೈಗೆ ಮೊಬೈಲ್ ಕೊಟ್ಟು ದಿನವೆಲ್ಲ ಎಲ್ಲಿ ಬಿದ್ದಿರ್ತೀಯ?”

ಅವಳು ಬಿದ್ದಿರುತ್ತಿದ್ದುದು ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ನಡುವೆ. ಡಾಕ್ಟರ ಬಿಳಿ ಕೋಟಿನ ತೋಳಿನಿಂದ ಶಾಯಿ ಕಲೆ ತಿಕ್ಕಿ ತೆಗೆದವಳೂ ಅವಳೇ. ಅದನ್ನೆಲ್ಲ ಹೇಳದೆ, “ಕೆಳಗೇ ಇರ್ತೀನಿ ಸಾರ್,” ಎಂದಳು.

ಮಗನನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು, ನಿಂತಲ್ಲೇ ಸುತ್ತುತ್ತಿದ್ದ. ಬಾಯಾರಿದರೆ ನೀರು ಕೇಳಲು ಬಾರದೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದವನು, ಥೆರಪಿಗೆ ಹೋಗತೊಡಗಿದ ಮೇಲೆ ಅಮ್ಮನ ಬೆರಳು ಹಿಡಿದು ಬಿಂದಿಗೆಯ ಹತ್ತಿರ ಎಳೆಯುವಷ್ಟಾಗಿದ್ದ. ಆದರೆ ಬರುವ ತಿಂಗಳು ಮೂರು ವರ್ಷ ತುಂಬುತ್ತದೆ. ಆಮೇಲೂ ಬರಬೇಕಾದರೆ ಆಟಿಸಂ ಇದೆಯೆಂದು ಡಾಕ್ಟರು ಬರೆದುಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆ ಮಗುವಿಗೆ ಎಂದು ಥೆರಪಿಯ ಟೀಚರಮ್ಮ ನೊಂದುಕೊಂಡೇ ಹೇಳಿದ್ದಳು.

ಒಳಗೆ ಕರೆಯುವ ಮುಂಚೆ ಅತ್ತೆ ಮೊಮ್ಮಗನ ಮೂಗೊರೆಸಿ, ತಲೆ ಬಾಚಿ, ಇವತ್ತೊಂದಿನ ಇವನು ಮಾನ ಉಳಿಸಲಪ್ಪಾ ಎಂದು ದೇವರನ್ನು ಬೇಡಿಕೊಂಡಿದ್ದಳು. ಇವತ್ತೊಂದಿನ ಮನೆಯಲ್ಲಿದ್ದ ಹಾಗೇ ಇರಲಪ್ಪಾ ಎಂದು ಸೊಸೆ ಬೇಡಿಕೊಂಡಿದ್ದಳು. ಒಂದೇ ದೇವರು, ಒಂದೇ ಬೆಂಚು. ಬೇಡಿಕೆ ಮಾತ್ರ ಎದುರುಬದುರು. ದೇವರು ವಯಸ್ಸಿಗೆ ಮರ್ಯಾದೆ ಕೊಟ್ಟಂತೆ ಕಾಣುತ್ತದೆ. ಬುಗುರಿ ಬಂದವನೇ ಮದುವಣಿಗನ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟ.

“ನಿನ್ನ ಹೆಸರೇನೋ?” ಎಂದು ಡಾಕ್ಟರು ಕೇಳಿದರು.

“ಹೆಸರೇನೋ,” ಎಂದ.

“ನೋಡಿದ್ಯಾ, ತಿರುಗಿಸಿ ನನ್ನನ್ನೇ ಕೇಳ್ತಾನೆ. ಬಲು ಚೂಟಿ.”

ಅತ್ತೆ ಹಿಗ್ಗಿದಳು. ಅದು ಕೇಳುವುದಲ್ಲ, ಕಿವಿಗೆ ಬಿದ್ದದ್ದನ್ನು ಹಿಮ್ಮೇಳದವರಂತೆ ಹೇಳುವುದಷ್ಟೇ, ಬೀದಿಯಲ್ಲಿ ಹಳೇ ಪಾತ್ರೆಯವನು ಕೂಗಿದ್ದನ್ನೂ ಹೀಗೇ ಕೂಗುತ್ತಾನೆ ಎಂದು ಸೊಸೆ ತಿಳಿಸಿ ಹೇಳಲು ಹೊರಟಳು.

“ನೀನು ಡಾಕ್ಟರಾ?” ಎಂದು ಡಾಕ್ಟರು ಅವಳ ಮಾತು ತಡೆದರು.

“ನೀನು ಡಾಕ್ಟರಾ?” ಎಂದ ಬುಗುರಿ, ಅದೇ ರಾಗದಲ್ಲಿ.

ಡಾಕ್ಟರು ಕೆಮ್ಮಿ, ಮುಂದೆ ಬಾಗಿ, “ಎಲ್ಲಿ, ನೋಡು,” ಎಂದರು.

ಬುಗುರಿ ನೆಟ್ಟಗೆ ನೋಡಿದ. ಇದು ಟೀಚರಮ್ಮ ಕಲಿಸಿದ್ದು. ತನ್ನ ಹುಬ್ಬುಗಳ ನಡುವೆ ಒಣದ್ರಾಕ್ಷಿ ಹಿಡಿದು ‘ನೋಡು’ ಎನ್ನುತ್ತಿದ್ದಳು. ನೋಡಿದರೆ ದ್ರಾಕ್ಷಿ ಬಾಯಿಗೆ. ನೋಡೋಕೂ ಲಂಚವಾ ಎಂದು ಅತ್ತೆ ಆಡಿಕೊಂಡಿದ್ದಳು. ಈಗ ಅವನು ನೋಡುತ್ತಿದ್ದುದು ಡಾಕ್ಟರ ಕಣ್ಣನ್ನಲ್ಲ, ಅವರ ಹುಬ್ಬಿನ ನಡುವೆ ಇರಬೇಕಾಗಿದ್ದ ದ್ರಾಕ್ಷಿಯನ್ನು.

“ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡೋ ಮಗೂಗೆ ಆಟಿಸಂ ಅಂತೆ,” ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು.

ಬುಗುರಿ ಬಾಯಿ ತೆರೆದ.

“ಗಂಟಲೂ ಚೆನ್ನಾಗಿದೆ,” ಎಂದರು.

ತೆರೆದ ಬಾಯಿ ತೆರೆದೇ ಇತ್ತು. ಏನೂ ಬೀಳಲಿಲ್ಲ. ಅವನ ಮುಖ ಕೆಂಪಾಯಿತು. ಕುರ್ಚಿಯಿಂದ ಜಾರಿ ಮೇಜಿನಡಿ ನುಗ್ಗಿ, ಡಾಕ್ಟರ ಕುರ್ಚಿಯ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದ. ಕುರ್ಚಿ ಗಿರಕ್ಕೆಂದು ತಿರುಗಿತು. ಡಾಕ್ಟರು ಎರಡೂ ಕಾಲು ಮೇಲೆತ್ತಿಕೊಂಡರು.

“ಥೂ ದರಿದ್ರ, ಎಳ್ಕೊಳ್ಳೇ ಇದನ್ನ!”

“ಎಳ್ಕೊಳ್ಳೇ ಮುಂಡೇದೇ, ಮಾನ ಹೋಯ್ತು,” ಎಂದು ಅತ್ತೆಯೂ ದನಿಗೂಡಿಸಿದಳು.

ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲೆಲ್ಲೂ ಬಾಯಿ ಮುಚ್ಚಿಸಿ ಎಳೆದುಕೊಂಡು ಬಂದ ಅಮ್ಮನ ಕೈ ಅದು. ಅಭ್ಯಾಸಬಲದಿಂದ ಬಾಗಿದಳು. ಬಾಗಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು.

“ಕೆಲ್ಸ ಮಾಡಿದ್ದಾನೆ ಸಾರ್,” ಎಂದಳು. “ನೋಡು ಅಂದ್ರಿ, ನೋಡ್ದ. ಕೂಲಿ ಕೊಡ್ಲಿಲ್ಲ ನೀವು. ಅದಕ್ಕೆ ಧರಣಿ ಕೂತಿದ್ದಾನೆ.”

“ಎದ್ದು ಹೊರಗೆ ನಡಿ.”

“ಎದ್ದು ಹೊರಗೆ ನಡಿ,” ಎಂದಿತು ಮೇಜಿನಡಿಯ ದನಿ.

ಅರೆತೆರೆದ ಬಾಗಿಲಾಚೆ ಕಾದು ಕೂತವರಲ್ಲಿ ಯಾರೋ ಕಿಸಕ್ಕೆಂದರು. ಸೆಕ್ಯೂರಿಟಿಯವರನ್ನು ಕರೆಯುವುದಾಗಿ ಡಾಕ್ಟರು ಹೆದರಿಸಿದರು. ಅದೇ ಬೆದರಿಕೆ ಕೆಳಗಿನಿಂದಲೂ ಬಂತು. ಎದ್ದು ಹೋಗೋಣವೆಂದರೆ ಡಾಕ್ಟರಿಗೆ ಕಾಲಿಡಲು ಜಾಗವಿಲ್ಲ. ಕೆಳಗೆ ಪುಟ್ಟ ಬೆರಳುಗಳು.

“ಅವನು ನಿಮ್ಮನ್ನ ನೋಡಿದ್ದಾಯ್ತು,” ಎಂದಳು ಅವಳು. ದನಿ ಏರಲಿಲ್ಲ. “ಈಗ ನೀವು ಅವನನ್ನ ನೋಡಿ ಸಾರ್.”

ಬೇರೆ ದಾರಿ ಕಾಣದೆ ಡಾಕ್ಟರು ಬಗ್ಗಿದರು. ಅವರ ಮುಖ ತಲೆಕೆಳಗಾಗಿ ಮೇಜಿನಡಿಗೆ ಇಳಿದು ಬಂತು. ಕಿರುಚಾಟ ನಿಂತಿತು. ಬುಗುರಿ ಗಾಲಿ ಬಿಡದೆ, ಅವರ ಹುಬ್ಬುಗಳ ನಡುವೆ ನೆಟ್ಟಗೆ ನೋಡಿ, ಮತ್ತೆ ಬಾಯಿ ತೆರೆದ.

ಅವಳ ಕೆಲಸದ ಅಂಗಿಯ ಜೇಬಿನಲ್ಲಿ ಒಂದು ಹಿಡಿ ಒಣದ್ರಾಕ್ಷಿ ಇತ್ತು. ಅವಳು ಜೇಬಿಗೆ ಕೈ ಹಾಕಲಿಲ್ಲ.