ಹುಣ್ಣಿಲ್ಲದ ಬೆನ್ನು

ನೆರವಿನ ಅರ್ಜಿ ತಿರಸ್ಕಾರವಾದ ಕಾರಣ ಒಂದೇ ಸಾಲಿನಲ್ಲಿತ್ತು: 'ವೃದ್ಧರು ಶುಚಿಯಾಗಿದ್ದಾರೆ, ಬೆನ್ನಿನಲ್ಲಿ ಹುಣ್ಣಿಲ್ಲ, ಆರೈಕೆ ದೊರೆಯುತ್ತಿರುವುದು ಕಂಡುಬಂದಿದೆ.'

ವಿಜಯಲಕ್ಷ್ಮಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅದನ್ನು ಮೂರು ಸಲ ಓದಿದಳು. ಹದಿನಾಲ್ಕು ತಿಂಗಳಿಂದ ಎರಡೆರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಿ, ಒರೆಸಿ, ಪೌಡರ್ ಹಚ್ಚಿ ಕಾಯ್ದ ಅಪ್ಪನ ಬೆನ್ನು ಅದು. ಈಗ ಅದೇ ಅವಳ ವಿರುದ್ಧ ಸಾಕ್ಷಿ ನುಡಿದಿತ್ತು.

ಅವಳ ಅಪ್ಪ ಎರ್ರಿಸ್ವಾಮಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿಯಾಗಿದ್ದವನು. ಲಕ್ವ ಹೊಡೆದಾಗ ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಅಷ್ಟೂ ಖರ್ಚನ್ನು ಸರ್ಕಾರದ ಆರೋಗ್ಯ ಕಾರ್ಡು ಕಟ್ಟಿತು. ಹನ್ನೆರಡನೆಯ ದಿನ, 'ಇನ್ನ ಮನ್ಯಾಗ ನೋಡ್ಕೊಳ್ರಿ' ಅಂದರು. ಕಾರ್ಡು ಆಸ್ಪತ್ರೆಯ ಗೇಟಿನ ತನಕ ಬಂದು ನಿಂತಿತು. ಗೇಟಿನಾಚೆಗೆ, ಸತ್ಯನಾರಾಯಣಪೇಟೆಯ ಅವಳ ಬಾಡಿಗೆ ಮನೆಯ ಒಂದೇ ಕೋಣೆಗೆ, ಅಪ್ಪ ಬಂದ. ಮಾತು ಹೋಗಿತ್ತು, ಬಲಗಡೆ ಬಿದ್ದಿತ್ತು, ತಿಳಿವಳಿಕೆ ಮಾತ್ರ ಪೂರ್ತಿ ಉಳಿದಿತ್ತು.

ಅವಳಿಗೆ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ತಿಂಗಳಿಗೆ ಹದಿಮೂರು ಸಾವಿರ. ಹಗಲು ಅಪ್ಪನ ಹತ್ತಿರ ಕೂರುವ ಪಕ್ಕದ ಓಣಿಯ ಸುಂಕಲಮ್ಮನಿಗೆ ಏಳು ಸಾವಿರ. ಆಕೆಗೆ ಕಂಟೋನ್ಮೆಂಟಿನ ಒಂದು ಮನೆಯವರು ಹನ್ನೆರಡು ಕೊಡುತ್ತೇವೆ ಅಂದಿದ್ದರು. 'ನೀ ಹತ್ತು ಕೊಟ್ರ ಇಲ್ಲೇ ಇರ್ತೀನವ್ವ, ಇಲ್ಲಾಂದ್ರ ಒಂದನೇ ತಾರೀಖಿಗೆ ಬಿಡ್ತೀನಿ' ಎಂದು ಸುಂಕಲಮ್ಮ ಹೇಳಿಯೂ ಆಗಿತ್ತು. ಹಾಸಿಗೆ ಹಿಡಿದ ವೃದ್ಧರಿಗೆಂದು ಹೊಸದಾಗಿ ಬಂದ ತಿಂಗಳ ನೆರವು ಸಿಕ್ಕರೆ ಮಾತ್ರ ಆ ಹತ್ತು ಹುಟ್ಟುತ್ತಿತ್ತು. ಸಿಗದಿದ್ದರೆ ಯೂನಿಟ್ಟು ಬಿಟ್ಟು ಅವಳೇ ಮನೆಯಲ್ಲಿ ಕೂರಬೇಕು. ಕೂತರೆ ಇಬ್ಬರೂ ಏನು ತಿನ್ನಬೇಕು?

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪಕ್ಕದ ಮಷಿನ್ನಿನ ಹೇಮಾ ಮೊಬೈಲಿನಲ್ಲಿ ಟೀವಿ ಚರ್ಚೆ ಹಾಕಿದ್ದಳು. ಎಪ್ಪತ್ತು ದಾಟಿದವರ ಕಾರ್ಡಿಗೆ ದಿಲ್ಲಿಯ ಪಾಲೆಷ್ಟು, ಬೆಂಗಳೂರಿನ ಪಾಲೆಷ್ಟು ಎಂದು ನಾಲ್ವರು ಕೋಟು ತೊಟ್ಟವರು ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿದ್ದರು.

'ಈ ನಾಕೂ ಮಂದ್ಯಾಗ ಒಬ್ಬ ನಿಮ್ಮಪ್ಪನ ಮಗ್ಗಲಾ ಹೊರಳ್ಸಾಕ ಬರ್ತಾನೇನು ಕೇಳು' ಅಂದಳು ಹೇಮಾ.

'ಬಂದ್ರೂ ಎಡಗಡೆ ಹೊರಳ್ಸೋದ್ಯಾರು, ಬಲಗಡೆ ಹೊರಳ್ಸೋದ್ಯಾರು ಅಂತ ಜಗಳಾಡ್ತಾರ' ಅಂದಳು ವಿಜಯಲಕ್ಷ್ಮಿ. ಸುತ್ತಲಿದ್ದವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಭಾನುವಾರ ತಮ್ಮ ಸಿದ್ದಲಿಂಗೇಶ್ ಕುರುಗೋಡಿನಿಂದ ಬೈಕಿನಲ್ಲಿ ಬಂದ. ಅಲ್ಲಿ ಅವನದು ಗೊಬ್ಬರದಂಗಡಿ. ಯಾರನ್ನೋ ಹಿಡಿದು ಮರುಪರಿಶೀಲನೆಗೆ ಗುರುವಾರ ಹನ್ನೊಂದು ಗಂಟೆ ಗೊತ್ತುಮಾಡಿಸಿದ್ದ.

'ಅಕ್ಕ, ಸಿಟ್ಟಾಗಬ್ಯಾಡ. ಎರಡು ದಿನ ಅಪ್ಪನ್ನ ಹಂಗ ಬಿಟ್ಬಿಡು. ತೊಳಿಬ್ಯಾಡ, ಅರಿಬಿ ಬದಲಿಸಬ್ಯಾಡ. ಅವರು ನೋಡಿ ಬರ್ಕೊಂಡು ಹೋಗ್ಲಿ.'

'ನೀ ಮಲಗ್ತೀಯೇನು ಎರಡು ದಿನ, ನಿನ್ನದರಾಗ ನೀನ?'

'ಎಲ್ರೂ ಮಾಡ್ತಾರ ಅಕ್ಕ.'

'ಮಾಡೋರ ಮನಿಗೆ ಹೋಗಿ ಹೇಳು ಲೇ.'

ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದ.

ಗುರುವಾರ ಬೆಳಿಗ್ಗೆ ಅವಳು ಎಂದಿನಂತೆ ಅಪ್ಪನ ಮೈ ಒರೆಸಿ, ತಲೆ ಬಾಚಿ, ಒಗೆದ ಚಾದರ ಹಾಸಿ ಎಂಟೂವರೆಗೆ ಕೆಲಸಕ್ಕೆ ಹೋದಳು. ಹನ್ನೊಂದಕ್ಕೆ ಅರ್ಧ ದಿನದ ರಜೆ ಹಾಕಿ ಮರಳಿದಾಗ ಬಾಗಿಲಲ್ಲೇ ನಾತ ಬಡಿಯಿತು. ಸುಂಕಲಮ್ಮ ಇರಲಿಲ್ಲ. ಒಂಬತ್ತಕ್ಕೆ ಬಂದ ಸಿದ್ದಲಿಂಗೇಶ್ ಆಕೆಯನ್ನು ಮನೆಗೆ ಕಳಿಸಿದ್ದ. ಚಾದರ ತೆಗೆದು ಬರೀ ರೆಕ್ಸಿನ್ ಮೇಲೆ ಅಪ್ಪನನ್ನು ಮಲಗಿಸಿ, ಹರಿದ ಬನಿಯನ್ ತೊಡಿಸಿದ್ದ. ಅಪ್ಪ ತನ್ನದರಲ್ಲೇ ಬಿದ್ದಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ, ನಿದ್ದೆ ಬಂದವನ ಹಾಗಲ್ಲ.

ಪರಿಶೀಲನೆಗೆ ಬಂದಿದ್ದ ದುರ್ಗೇಶ್ ಮೂಗಿಗೆ ಕರವಸ್ತ್ರ ಹಿಡಿದು ಬೇಗ ಬೇಗ ಬರೆಯುತ್ತಿದ್ದ. ಇನ್ನೂ ಮೂವತ್ತು ದಾಟದ ಹುಡುಗ.

'ಈ ಸಲ ಆಗ್ತೈತಿ ಬಿಡ್ರಮ್ಮ' ಅಂದ, ಸಮಾಧಾನದ ದನಿಯಲ್ಲೇ.

ವಿಜಯಲಕ್ಷ್ಮಿ ಚೀಲ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಿ ನೀರಿಟ್ಟಳು. ತಮ್ಮ ಅವಳ ತೋಳು ಹಿಡಿದ. 'ಅಕ್ಕ, ಹತ್ತು ನಿಮಿಷ ಅಷ್ಟ. ಸಾಹೇಬ್ರು ಹೋಗ್ಲಿ.'

'ಕೈ ಬಿಡು.'

ಬಕೆಟ್ಟು ಮಂಚದ ಹತ್ತಿರ ಬಂದಿತು. ಈಗ ದುರ್ಗೇಶನೂ ಗಾಬರಿಯಾದ. 'ಅಮ್ಮ, ನಾ ಹೋದ ಮ್ಯಾಲ ಮಾಡ್ರಿ. ಕಣ್ಣೆದುರಿಗೆ ಮಾಡಿದ್ರ ನಾ ಬರೀಬೇಕಾಗ್ತೈತಿ.'

'ಬರೀರಿ.'

'ನೆರವು ಸಿಗಂಗಿಲ್ಲ.'

'ಗೊತ್ತೈತಿ. ಲೇ ಸಿದ್ದ, ಭುಜ ಹಿಡಿ. ನಿಮ್ಮಪ್ಪ ಅದಾನ, ಗೊಬ್ಬರದ ಮೂಟಿ ಅಲ್ಲ.'

ಸಿದ್ದಲಿಂಗೇಶ್ ಹಿಡಿದ. 'ನಾಳಿಗಿ ಏನ್ ಮಾಡ್ತಿ ಹೇಳು. ಸುಂಕಲಮ್ಮಗ ಏನ್ ಕೊಡ್ತಿ?'

'ನಾಳಿಗಿ ಕೆಲಸ ಬಿಡ್ತೀನಿ. ನೀ ಎರಡು ಸಾವಿರ ಕಳಿಸಿ ಕೈ ತೊಳ್ಕೊಳ್ಳೋದು ಇವತ್ತಿಗೆ ಮುಗೀತು. ತಿಂಗಳಿಗೆ ಎಂಟು ಕಳಿಸು. ಆಗಂಗಿಲ್ಲಾಂದ್ರ ಅಪ್ಪನ್ನ ಕುರುಗೋಡಿಗೆ ಕರ್ಕೊಂಡು ಹೋಗು. ನಿನ್ನ ಮನ್ಯಾಗ, ನಿನ್ನ ಹೆಂಡ್ತಿ ಮಕ್ಕಳ ಮುಂದ ಹಿಂಗ ಮಲಗಿಸು. ನೋಡೂನು ಎಷ್ಟು ತಾಸು ತಡೀತಿ.'

ಅವಳು ಒರೆಸುತ್ತ ಹೋದಳು. ಕಾಲಿನ ಸಂದು, ಸೊಂಟ, ಒಂದು ಗಾಯವೂ ಇಲ್ಲದ ಬೆನ್ನು. ಅಪ್ಪ ಕಣ್ಣು ತೆರೆದು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡ, ಮತ್ತೆ ಬಿಟ್ಟ.

ದುರ್ಗೇಶ್ ಬರೆದದ್ದನ್ನು ಹೊಡೆದುಹಾಕಿ, 'ಮಗಳ ಆರೈಕೆ ಇದೆ' ಎಂದು ಬರೆದ.

'ಕೆಲಸ ಬಿಟ್ಟಾಳ ಅಂತನೂ ಬರೀರಿ' ಅಂದಳು ವಿಜಯಲಕ್ಷ್ಮಿ.

'ಅದಕ್ಕ ಕಾಲಂ ಇಲ್ಲಮ್ಮ.'

'ಹಾಳಿ ತಿರುವ್ರಿ. ಹಿಂದ್ಗಡೆ ಖಾಲಿ ಐತಿ.'

ಅವನು ತಿರುವಿದ. ಪೆನ್ನು ಹಿಡಿದು ನಿಂತ. ಅವಳು ಬಟ್ಟೆ ಹಿಂಡಿ, ಅಪ್ಪನನ್ನು ಎಡಮಗ್ಗಲಿಗೆ ಹೊರಳಿಸುತ್ತಲೇ ತನ್ನ ಒಂದು ದಿನದ ಆರೈಕೆಯನ್ನು ಹೇಳತೊಡಗಿದಳು.

'ಐದು ಗಂಟಿಗೆ ಏಳಬೇಕು. ಬರಕೊಂಡ್ರ್ಯಾ? ಐದು ಗಂಟಿ. ಮೊದ್ಲು ಉಚ್ಚಿ ಪೈಪ್ ನೋಡಬೇಕು...'