ಕೋಟಿನಮ್ಮನ ಜೇಬುಗಳು

ಓಯ್, ಆ ಕಡೆ ಬಸ್ಸಿಗೆ ಕಾಯುತ್ತಾ ನಿಂತವರೇ! ಫೋನಿನ ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ, ಸ್ವಲ್ಪ ನಿಲ್ಲಿಸಿ ಇತ್ತ ಕಿವಿ ಕೊಡಿ! ಸುಡುಸುಡು ಬೇಸಿಗೆಯಲ್ಲೂ ಮೊಣಕಾಲು ಮುಟ್ಟುವ ಗಂಡಸರ ಕಂದು ಕೋಟು ತೊಟ್ಟು, ಬಲಗೈಯನ್ನು ಎದೆಗೆ ಭದ್ರವಾಗಿ ಒತ್ತಿಕೊಂಡು, ಒಂಚೂರು ಎಡಕ್ಕೆ ವಾಲಿ, ಸರಕು ತುಂಬಿದ ದೋಣಿಯಂತೆ ನಡೆಯುತ್ತಿದ್ದ ಲಾಂಡ್ರಿ ಅಂಗಡಿಯ ಹೆಂಗಸನ್ನು ನೀವೂ ನೋಡಿರುತ್ತೀರಿ. ಬೀದಿಯವರೆಲ್ಲ ಅವಳನ್ನು ಕೋಟಿನಮ್ಮ ಎನ್ನುತ್ತಿದ್ದರು. ಕೆಲವರು ಜಿಪುಣಿ ಎಂದೂ ಅನ್ನುತ್ತಿದ್ದರು. ಆದರೆ ಅದು ಇಸ್ತ್ರಿಯಾದ ಬಟ್ಟೆ ಕೈಗೆ ಬಂದು, ತಾವು ಬೀದಿಯ ಮೂಲೆ ತಿರುಗಿದ ಮೇಲೆ.

ಕೋಟು ಅವಳದಲ್ಲ. ಎಷ್ಟೋ ವರ್ಷಗಳ ಹಿಂದೆ ಯಾರೋ ಒಗೆಯಲು ಕೊಟ್ಟು, ಒಯ್ಯಲು ಬಾರದೇ ಹೋದದ್ದು. ಅಂಗಡಿಗೆ ಬಂದ ಒಂದು ಕರವಸ್ತ್ರವನ್ನೂ ಅದರ ಯಜಮಾನನಿಗೆ ಮುಟ್ಟಿಸದೆ ಬಿಟ್ಟವಳಲ್ಲ ಅವಳು. ಅವಳ ನಿಷ್ಕಳಂಕ ಕೀರ್ತಿಗೆ ಅಂಟಿದ, ಯಾವ ಸಾಬೂನಿಗೂ ಬಿಡದ ಏಕೈಕ ಕಲೆ ಈ ಕೋಟು. ಮೂಲೆಯಲ್ಲಿ ನೇತಾಡಿದರೆ ನುಸಿ ಹಿಡಿಯುತ್ತದೆ, ಮೈಮೇಲಿದ್ದರೆ ಗಾಳಿಯಾಡುತ್ತದೆ ಎಂದು ಸಮಾಧಾನ ಹೇಳಿಕೊಂಡು ತೊಟ್ಟಿದ್ದಳು. ಯಾರಾದರೂ ಕೆಣಕಿದರೆ, "ಹಾಕ್ಕೊಂಡಿಲ್ಲ ಕಣ್ರೀ, ಕಾಯ್ತಾ ಇದೀನಿ" ಎನ್ನುವಳು. ಕಾಲರಿನೊಳಗೆ ಪಿನ್ನು ಚುಚ್ಚಿದ್ದ ನಂಬರಿನ ಚಿಂದಿಯನ್ನು ಎಂದೂ ಕಿತ್ತಿರಲಿಲ್ಲ. ಆದರೆ ಕೋಟಿನ ಒಳಮೈಯಲ್ಲಿ ಒಂದು ಸಂಸಾರವೇ ಇತ್ತು. ಲೈನಿಂಗಿನ ತುಂಬ ಅವಳೇ ಹೊಲಿದ ಜೇಬುಗಳು: ಬಾಡಿಗೆಗೊಂದು, ಸಾಬೂನಿಗೊಂದು, ಔಷಧಿಗೊಂದು, ಬೆನ್ನಿಗೆ ಆಸರೆಯಿರುವ ಒಂದು ಒಳ್ಳೆಯ ಕುರ್ಚಿಗೆಂದು ಇನ್ನೊಂದು, ಏಕೆಂದರೆ ಸೋಡಾಪುಡಿಯ ಡಬ್ಬದ ಮೇಲೆ ಕುಳಿತು ಕುಳಿತು ಅವಳ ಸೊಂಟ ಕೈಕೊಟ್ಟಿತ್ತು. ಒಂದು ಜೇಬಿನ ದುಡ್ಡು ಪಕ್ಕದ ಜೇಬಿಗೆ ಕೈಸಾಲವಾಗಿ ಹೋಗುವಂತಿರಲಿಲ್ಲ. ಅವುಗಳ ನಡುವೆ ಮಾತುಕತೆಯೇ ಇರಲಿಲ್ಲ.

ಅಂಥವಳ ಕೈಗೆ ಸಿಕ್ಕವಳು ಅವಳ ತಂಗಿಯ ಮಗಳು. ಹದಿನಾರರ ಹುಡುಗಿ. ರಜೆಯಲ್ಲಿ ದೊಡ್ಡಮ್ಮನ ಅಂಗಡಿಯಲ್ಲಿ ಬಟ್ಟೆ ಮಡಿಸಿ ಸಂಬಳ ಪಡೆಯುತ್ತಿದ್ದ ಅವಳ ಅಂಗೈಯಲ್ಲಿ ದುಡ್ಡೆಂಬುದು ಕಾದ ಕಾವಲಿಯ ಮೇಲಿನ ನೀರು. ಮೊದಲ ವಾರದ ಸಂಬಳ ಸಂಜೆಯೊಳಗೆ ಗೆಳತಿಯರ ಐಸ್‌ಕ್ರೀಮಾಗಿ, ಉಗುರಿನ ಬಣ್ಣವಾಗಿ ಕರಗಿಹೋಯಿತು. ಬೇಕಿದ್ದದ್ದೋ ಸೈಕಲ್ಲು. ಶಾಲೆಯ ಈಜು ತಂಡಕ್ಕೆ ಆಯ್ಕೆಯಾಗಿದ್ದಳು. ಅಭ್ಯಾಸ ರಜೆ ಮುಗಿದ ಸೋಮವಾರದಿಂದ, ಬೆಳಗಿನ ಮೊದಲ ಬಸ್ಸು ಹೊರಡುವುದಕ್ಕೂ ಮುಂಚೆ, ಊರಾಚೆಯ ಕೊಳದಲ್ಲಿ. ಹೊತ್ತಿಗೆ ಮುಟ್ಟದವರಿಗೆ ತಂಡದಲ್ಲಿ ಜಾಗವಿಲ್ಲ. ರಿಪೇರಿ ಅಂಗಡಿಯ ಮುಂದೆ ಹಸಿರು ಬಣ್ಣದ ಹಳೆ ಸೈಕಲ್ಲೊಂದಿತ್ತು. "ರಜೆ ಮುಗಿಯೋ ಶನಿವಾರ ಶಟರ್ ಎಳೆಯೋವರೆಗೂ ಇಟ್ಟಿರ್ತೀನಿ. ಆಮೇಲೆ ಬಂದು ಅಳ್ಬೇಡ" ಎಂದಿದ್ದ ರಿಪೇರಿಯವನು.

ದೊಡ್ಡಮ್ಮ ಉಪದೇಶ ಮಾಡಲಿಲ್ಲ. ಕೋಟಿನೊಳಗೆ ಹುಡುಗಿಗೆಂದೇ ಒಂದು ಜೇಬು ಹೊಲಿದು, ನೋಟು ತೂರುವಷ್ಟು ಸೀಳು ಬಿಟ್ಟು ಅದರ ಬಾಯಿ ಮುಚ್ಚಿದಳು. ಹಾಕುವುದು ಸುಲಭ, ತೆಗೆಯಲು ಕತ್ತರಿ ಬೇಕು. ಕತ್ತರಿ ಬೇಕಾದರೆ ಏಕೆಂದು ಗಿರಾಕಿಗಳ ಮುಂದೆ ಗಟ್ಟಿಯಾಗಿ ಹೇಳಬೇಕು.

"ದೊಡ್ಡಮ್ಮಾ, ಕತ್ತರಿ."

"ಯಾಕೆ? ಎಲ್ಲರಿಗೂ ಕೇಳಿಸ್ಲಿ."

"ಫೋನಿಗೆ ಕವರು."

"ಇರೋದಕ್ಕೇನಾಗಿದೆ ರೋಗ?"

"ಇದಕ್ಕೆ ಬೆಕ್ಕಿನ ಕಿವಿ ಇಲ್ಲ."

ಸಾಲಿನಲ್ಲಿದ್ದ ಅಂಚೆಯವನು ನಗು ತಡೆಯಲಾರದೆ ಕೆಮ್ಮಿದ.

"ಸರಿ, ಕಿವಿ ಬಂತು ಅನ್ಕೋ. ಆಮೇಲೆ?"

"ಎಲ್ಲರೂ ನೋಡ್ತಾರೆ."

"ಆಮೇಲೆ?"

"ಆಮೇಲೆ... ಏನಿಲ್ಲ."

"ಹಾಗಾದ್ರೆ ಆ ಚಾದರ ಮಡಿಸು."

ಈ 'ಆಮೇಲೆ' ದೊಡ್ಡಮ್ಮನ ಬ್ರಹ್ಮಾಸ್ತ್ರ. ಎಂಥ ಆಸೆಯೂ ಅದರೆದುರು ಎರಡು ಸುತ್ತಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಕ್ರಮೇಣ ಹುಡುಗಿ ಅಂಗಡಿಗಳ ಗಾಜಿನ ಮುಂದೆ ನಿಂತು ತನಗೆ ತಾನೇ 'ಆಮೇಲೆ' ಎಂದು ಗೊಣಗಿಕೊಳ್ಳತೊಡಗಿದಾಗ, ಗೆಳತಿಯರು ಇವಳಿಗೇನೋ ಮೆಟ್ಟಿಕೊಂಡಿದೆ ಎಂದು ತೀರ್ಮಾನಿಸಿದರು. ಆದರೆ ಗೆಳತಿಯೊಬ್ಬಳ ನಾಯಿ ಕಾಲು ಮುರಿದುಕೊಂಡ ದಿನ, ಹುಡುಗಿ ಮಾತು ಮುಗಿಸುವ ಮೊದಲೇ ದೊಡ್ಡಮ್ಮ ಹೊಲಿಗೆ ಬಿಚ್ಚಿಯಾಗಿತ್ತು. ಅಂದು ಆಮೇಲೆಯೂ ಇಲ್ಲ, ಗೀಮೇಲೆಯೂ ಇಲ್ಲ.

ಹೀಗಿರುವಾಗ ಆ ಶನಿವಾರ ಬಂತು. ಸೈಕಲ್ಲಿಗೆ ಬೇಕಾದಷ್ಟು ಕೂಡಿತ್ತು. ಸಂಜೆ ಜೇಬು ಬಿಚ್ಚುವುದೆಂದು ಮಾತಾಗಿತ್ತು. ಮಧ್ಯಾಹ್ನ ಮುದುಕನೊಬ್ಬ ಬಣ್ಣ ಮಾಸಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟ. ಹಡಗಿನಲ್ಲಿ ಅಡುಗೆಯವನಾಗಿದ್ದನಂತೆ, ಸಮುದ್ರ ಸುತ್ತಿ ಸುತ್ತಿ ನಿವೃತ್ತನಾಗಿ ಬಂದು ಪೆಟ್ಟಿಗೆ ಕೊಡವಿದಾಗ ಚೀಟಿ ಉದುರಿತಂತೆ. "ಸಿಗೋದಿಲ್ಲ ಅಂತ ಗೊತ್ತು. ಸುಮ್ನೆ ಕೇಳೋಣ ಅಂತ ಬಂದೆ."

ನಂಬರು ಓದಿದ ದೊಡ್ಡಮ್ಮನ ಮುಖ ದೀಪದಂತೆ ಬೆಳಗಿತು. ಪರದೆಯ ಹಿಂದೆ ಹಾರಿ, ಕೋಟು ಕಳಚಿ, ಕಾಲರಿಗೂ ಭುಜಕ್ಕೂ ಇಸ್ತ್ರಿ ಎಳೆದು, ಕಾಗದದಲ್ಲಿ ಸುತ್ತಿ, ರಾಜಮುದ್ರೆ ಒಪ್ಪಿಸುವ ಮಂತ್ರಿಯಂತೆ ತಂದುಕೊಟ್ಟಳು. ಜನ್ಮದಲ್ಲಿ ಒಬ್ಬ ಗಿರಾಕಿಯ ಜೇಬನ್ನೂ ತಡಕದೆ ಬಿಟ್ಟವಳಲ್ಲ. ಆದರೆ ಲಾಂಡ್ರಿಯಲ್ಲಿ ಜೇಬು ತಡಕುವುದು ಬಟ್ಟೆ ಒಳಗೆ ಬರುವಾಗ, ಹೊರಗೆ ಹೋಗುವಾಗಲ್ಲ. ಪಕ್ಕದಲ್ಲೇ ಇದ್ದ ಹುಡುಗಿಗೂ ಹೊಳೆಯಲಿಲ್ಲ. ಇಬ್ಬರೂ ಬಾಗಿಲವರೆಗೆ ಹೋಗಿ ಅವನನ್ನು ಬೀಳ್ಕೊಟ್ಟರು.

ಸಂಜೆ ಹುಡುಗಿ ಕತ್ತರಿ ಹಿಡಿದು ಬಂದಳು. ದೊಡ್ಡಮ್ಮನ ಬಲಗೈ ಅಭ್ಯಾಸದಂತೆ ಎದೆಗೆ ಹೋಯಿತು. ಅಲ್ಲಿ ಎದೆ ಮಾತ್ರ ಇತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!"

ಓಡಿದರು ನೋಡಿ. ಕೋಟಿನ ಭಾರವಿಲ್ಲದೆ ದೊಡ್ಡಮ್ಮ ಎಡಕ್ಕೆ ವಾಲುವುದನ್ನೇ ಮರೆತು ಬಾಣದಂತೆ ಹೋಗುತ್ತಿದ್ದಳು. ಹುಡುಗಿ ಹಿಂದೆ ಬಿದ್ದಳು. ಮುದುಕ ಹೋಗುವಾಗ ಹೇಳಿದ್ದ ಮನೆ ಎರಡು ಬೀದಿಯಾಚೆ, ಮಹಡಿಯ ಮೇಲೆ. ಬಾಗಿಲು ತೆರೆದ ಅಡುಗೆಯವನ ಹೆಂಡತಿ ನಗುತ್ತಾ ಅಳುತ್ತಿದ್ದಳು.

"ಬನ್ನಿ ಬನ್ನಿ! ಈ ಮನುಷ್ಯನ್ನ ಜೀವಮಾನವೆಲ್ಲ ತೂತು ಜೇಬು ಅಂತ ಬೈದೆ ಕಣ್ರೀ. ನೋಡಿ, ನಂಗೇ ಗೊತ್ತಾಗ್ದ ಹಾಗೆ ಎಷ್ಟು ಜೇಬು ಹೊಲಿಸಿ, ಎಷ್ಟು ಕೂಡಿಟ್ಟಿದ್ರು!"

ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ ಮುದುಕ ಎದೆಯುಬ್ಬಿಸಿದ. "ನಿಜ ಹೇಳ್ಬೇಕಂದ್ರೆ ನಂಗೂ ನೆನಪಿಲ್ಲ. ಆದ್ರೆ ಕಣ್ಣೆದುರಿಗೇ ಇದೆಯಲ್ಲ! ಆ ಕಾಲಕ್ಕೆ ಭಾರಿ ಬುದ್ಧಿವಂತ ಇದ್ದೆ ಅನ್ಸುತ್ತೆ."

ಮೇಜಿನ ಮೇಲೆ ಹರಡಿದ್ದ ನೋಟುಗಳು ಮೊನ್ನೆಮೊನ್ನೆಯವು ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಕಂಡಿರಲಿಲ್ಲ.

"ಅದು ನಮ್ ದೊಡ್ಡ—" ಎಂದು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವಳ ಕಾಲಿನ ಮೇಲೆ ದೊಡ್ಡಮ್ಮನ ಚಪ್ಪಲಿ ಕೂತಿತು. ಬಾಡಿಗೆ, ಸಾಬೂನು ಎರಡೂ ಬೆಳಿಗ್ಗೆಯೇ ಸಂದಾಯವಾಗಿದ್ದವು. ಮೇಜಿನ ಮೇಲಿದ್ದದ್ದು ಬಹುಪಾಲು ಕುರ್ಚಿಯ ದುಡ್ಡು. ದೊಡ್ಡಮ್ಮ ಅದನ್ನೊಮ್ಮೆ ನೋಡಿದಳು, ಆ ಹೆಂಡತಿಯ ಮುಖವನ್ನೊಮ್ಮೆ ನೋಡಿದಳು.

"ಕೋಟಲ್ಲಿ ಒಂದು ಕಡೆ ಹೊಲಿಗೆ ಸರಿಯಿಲ್ಲ. ಕೊಡಿ, ಹಾಕ್ಕೊಡ್ತೀನಿ. ಅಂಗಡಿ ಹೆಸರು ಕೆಡಬಾರ್ದು ನೋಡಿ."

ಗಂಡಹೆಂಡಿರು ಚಹಾ ಮಾಡಲು ಒಳಗೆ ಹೋದಾಗ, ಹುಡುಗಿಯ ಕೈಯಲ್ಲೇ ಇದ್ದ ಕತ್ತರಿಯಿಂದ, ಮುದುಕನ ಕಣ್ಣಿಗೆ ಬೀಳದಿದ್ದ ಆ ಮುಚ್ಚಿದ ಜೇಬಿನ ಬಾಯಿ ಬಿಚ್ಚಿ, ಸ್ವಂತ ಮನೆಯವರ ದುಡ್ಡನ್ನು ಕಳ್ಳಿಯ ಹಾಗೆ ಎತ್ತಿ ಹುಡುಗಿಯ ಮುಷ್ಟಿಗೆ ತುರುಕಿದಳು. ಮೇಜಿನ ಮೇಲಿದ್ದದ್ದನ್ನು ಮುಟ್ಟಲಿಲ್ಲ. ಚಹಾವನ್ನು ಮಾತ್ರ ತಳ ಕಾಣುವವರೆಗೆ ಕುಡಿದಳು.

ಮೆಟ್ಟಿಲಿಳಿಯುವಾಗ ಹುಡುಗಿಗೆ ತಡೆಯಲಾಗಲಿಲ್ಲ. "ನಿನ್ನ ಕುರ್ಚಿ ದುಡ್ಡು! ಅಷ್ಟೂ ಹೋಯ್ತಲ್ಲ ದೊಡ್ಡಮ್ಮಾ!"

"ಹೋಗಿಲ್ಲ ಕಣೇ, ಖರ್ಚಾಯ್ತು. ಎರಡೂ ಬೇರೆ ಬೇರೆ."

"ಏನು ಸಿಕ್ತು ನಿಂಗೆ?"

"ಆ ಹೆಂಗಸು ಹೇಗೆ ನಗ್ತಿದ್ಲು ನೋಡಿದ್ಯಾ? ಕುರ್ಚಿ ನಗುತ್ತೇನೇ ಹಾಗೆ? ನಡಿ, ಅವ್ನು ಶಟರ್ ಎಳೀತಾನೆ."

ಶಟರ್ ಅರ್ಧಕ್ಕಿಳಿದಿತ್ತು. ಹುಡುಗಿ ಬಗ್ಗಿ ಒಳನುಗ್ಗಿದಳು. ಆದರೆ ದುಡ್ಡು ಕೂಡಲೇ ಕೊಡಲಿಲ್ಲ, ಚೈನು ತಿರುಗಿಸಿ, ಟೈರು ಒತ್ತಿ, "ಬೆಲ್ ಇಲ್ವಲ್ಲ ಅಣ್ಣಾ, ಅದಕ್ಕೆಷ್ಟು ಬಿಡ್ತೀರಾ?" ಎಂದಳು. ದೊಡ್ಡಮ್ಮ ಹಿಗ್ಗು ಕಾಣದಿರಲೆಂದು ಗೋಡೆಯ ಮೇಲಿನ ಹಲ್ಲಿಯನ್ನು ದಿಟ್ಟಿಸುತ್ತಾ ನಿಂತಳು. ರಿಪೇರಿಯವನು ಬೈದುಕೊಂಡೇ ಬೆಲ್ಲು ಹಾಕಿಕೊಟ್ಟ.

ದುಡ್ಡನ್ನು ಬಿಗಿಯಾಗಿ ಹಿಡಿಯುವವರಲ್ಲಿ ಕೆಲವರ ಮುಷ್ಟಿ ಹಿಡಿದಲ್ಲೇ ಮರಗಟ್ಟಿ, ಬಿಡಬೇಕೆಂದರೂ ಬಿಚ್ಚಲಾರದು. ಇನ್ನು ಕೆಲವರು ಜನಜಂಗುಳಿಯಲ್ಲಿ ಮಗುವಿನ ಕೈ ಹಿಡಿದಂತೆ ಹಿಡಿದು, ಬಿಡಬೇಕಾದ ಬಾಗಿಲು ಕಂಡೊಡನೆ ತಾವಾಗಿಯೇ ಬಿಡುತ್ತಾರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಮುಷ್ಟಿ. ಬೀದಿ ಇಬ್ಬರಿಗೂ ಒಂದೇ ಹೆಸರಿಡುತ್ತದೆ. ಈ ಎರಡನೆಯವರು ಅದನ್ನು ತಿದ್ದಲು ಹೋಗುವುದಿಲ್ಲ, ಸುಮ್ಮನೆ ಉಸಿರು ದಂಡವೆಂದು.

ಅಂದು ಕೊನೆಗೆ ದೊಡ್ಡಮ್ಮ ಸೈಕಲ್ಲಿನ ಕ್ಯಾರಿಯರನ್ನು ಅಲುಗಾಡಿಸಿ ಪರೀಕ್ಷಿಸಿ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಹತ್ತಿ ಕುಳಿತಳು. ಇಳಿಜಾರಿನಲ್ಲಿ ಸೈಕಲ್ಲು ಗಾಳಿಯಂತೆ ಹಾರತೊಡಗಿದಾಗ ಹುಡುಗಿಯ ಸೊಂಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ತಬ್ಬಿ, ಕಣ್ಣು ಮುಚ್ಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಬ್ರೇಕ್ ಹಿಡೀಬೇಡ್ವೇ, ಸವೆಯುತ್ತೆ!"